ತವರಿನಲ್ಲಿ ಸಿಗದ ಪುತಳಾಬಾಯಿ

ಶಾಲುಬಾಯಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಬೀದರಿನ ನರ್ಸಿಂಗ್ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಓಡಾಡುತ್ತಿದ್ದಳು. ಪಾಠ ಹೇಳುವ ಮೇಡಂ ಹೀಗೆ ಚಡಪಡಿಸಿದರೆ ವಿದ್ಯಾರ್ಥಿನಿಯರ ಗತಿ ಏನು? ಅವರು ಒರೆಸಿದ ಟ್ಯಾಬನ್ನೇ ಮತ್ತೆ ಒರೆಸುತ್ತ ಕೂತಿದ್ದರು.

ಇದಕ್ಕೆಲ್ಲ ಕಾರಣ ಪುತಳಾಬಾಯಿ. ಭಾಲ್ಕಿ ತಾಲ್ಲೂಕಿನ ಮೆಹಕರದ ಕುರಿ ಸಾಕುವ ಮನೆಯ ಸೊಸೆ, ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದವಳು. ಹಿಂದಿನ ತಿಂಗಳು ಶಾಲುಬಾಯಿಯೇ ಅವಳ ಬಿ.ಪಿ. ನೋಡಿದ್ದಳು. ಏರಿತ್ತು. ಕಾಲು ಬಾತಿದ್ದವು, ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಕುಳಿ ಹಾಗೇ ಉಳಿಯುತ್ತಿತ್ತು. ಟ್ಯಾಬಿನಲ್ಲಿ ಅವಳ ಹೆಸರಿನ ಮುಂದೆ ಅಪಾಯದ ಕೆಂಪು ಗುರುತು ಬಿತ್ತು. ಈಗ ಕೆಂಪು ಗುರುತು ಇದೆ, ಪುತಳಾಬಾಯಿ ಇಲ್ಲ.

ಆ ವರ್ಷ ಮಾಂಜ್ರಾ ನದಿ ಬತ್ತಿ ಮರಳು ಎದ್ದಿತ್ತು. ಊರಿಗೆ ಟ್ಯಾಂಕರ್ ಬರುತ್ತಿದ್ದವು, ಊರಿನಿಂದ ಜನ ಹೋಗುತ್ತಿದ್ದರು. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಹೈದರಾಬಾದಿಗೆ. ಬಸುರಿ ಎಲ್ಲಿಗೆ ಹೋದರೂ, ಅಲ್ಲಿನ ನರ್ಸಿನ ಟ್ಯಾಬಿನಲ್ಲಿ ಹೆಸರು ಹಾಕಿದ ಕೂಡಲೇ ಅವಳ ಹಿಂದಿನ ತಪಾಸಣೆಯೆಲ್ಲ ತಾನಾಗಿ ತೆರೆದುಕೊಳ್ಳಬೇಕು. ಅದಕ್ಕೆಂದೇ ಹೈದರಾಬಾದಿನ ಒಂದು ವಿಶ್ವವಿದ್ಯಾಲಯವೂ ಈ ಕಾಲೇಜೂ ಕೂಡಿ ಸಂಶೋಧನೆ ಕೈಗೆತ್ತಿಕೊಂಡಿದ್ದವು. ಕಂಪ್ಯೂಟರ್ ಅವರದು, ಊರು ತಿರುಗುವ ಕಾಲು ಇವರದು. ವಿದ್ಯಾರ್ಥಿನಿಯರಿಗೆ ಅದೇ ಪಾಠ, ಅದೇ ಪರೀಕ್ಷೆ.

ಆ ಕಡೆಯ ಮುಖ್ಯಸ್ಥರು ಪ್ರೊಫೆಸರ್ ಮುಜೀಬೋದ್ದೀನ. ಹುಟ್ಟಿದ್ದು ಬೀದರಿನಲ್ಲಿ, ನೆಲೆಸಿದ್ದು ಹೈದರಾಬಾದಿನಲ್ಲಿ. ವರ್ಷದ ವರದಿ ಮುಗಿಸಲು ಬಂದಿದ್ದರು.

"ಮೇಡಂ, ಭಾಲ್ಕಿ, ಔರಾದ, ಬೀದರ ಎಲ್ಲಾ ಕಡಿ ಹುಡುಕೀನ್ರಿ. ಪುತಳಾಬಾಯಿ ಮತ್ತೆಲ್ಲೂ ತಪಾಸಣಿಗೆ ಬಂದಿಲ್ಲ. ಗುಳೆ ಹೋದವರಾಗ ಸೇರಿಸಿ ಮುಚ್ಚಿಬಿಡೋಣ."

"ಮುಚ್ಚಬ್ಯಾಡ್ರಿ ಸರ್. ಅಕಿ ಕಾಲ ನಾ ನೋಡೀನ್ರಿ."

"ನಿಮ್ಮ ಫಿಕರ್ ತಿಳೀತದರಿ. ಆದ್ರ ವರದಿ ಇವತ್ತೇ ಹೋಗಬೇಕು."

"ವರದಿ ನಾಳಿ ಹೋದ್ರ ಯಾರೂ ಸಾಯಂಗಿಲ್ಲರಿ!"

ಬಾಯಿಂದ ಬಂದ ಮೇಲೆ ಶಾಲುಬಾಯಿ ನಾಲಿಗೆ ಕಚ್ಚಿಕೊಂಡಳು. ಮುಜೀಬೋದ್ದೀನರು ಕೆಟ್ಟವರಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದರು. "ಗಾಡಿ ಅದ. ನಡೀರಿ, ಮೆಹಕರಕ್ಕೇ ಹೋಗಿ ಕೇಳೋಣ."

ದಾರಿಯುದ್ದಕ್ಕೂ ಅವಳು ಪುತಳಾಬಾಯಿಯ ಗಂಡ ಮಡೆಪ್ಪನಿಗೆ ಫೋನ್ ಹಚ್ಚುತ್ತಲೇ ಇದ್ದಳು. ಅವನು ಯಾವ ಕಬ್ಬಿನ ಗದ್ದೆಯಲ್ಲಿದ್ದನೋ, ಫೋನ್ ತಾಗಲೇ ಇಲ್ಲ.

ಮೆಹಕರದಲ್ಲಿ ಅತ್ತೆ ಕುರಿಗಳ ಮುಂದೆ ಒಣ ಕಣಕಿ ಹಾಕುತ್ತಿದ್ದಳು. "ಪುತಳಾ? ಅಕಿ ಯಾಕ ಗುಳೆ ಹೋಗ್ತಾಳ್ರಿ? ಚೊಚ್ಚಲ ಹೆರಿಗಿ, ತವರಿಗೆ ಕಳಿಸೀವಿ. ಔರಾದಾಗ, ಅವರಪ್ಪ ಹಣಮಂತಪ್ಪನ ಮನ್ಯಾಗ ಅದಾಳ."

ಔರಾದಿನಲ್ಲಿ ಟ್ಯಾಬ್ ಹಿಡಿದು ತಿರುಗುವ ನರ್ಸ್ ಕೇಶರಬಾಯಿ. ಶಾಲುಬಾಯಿ ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿದಳು.

"ಹಣಮಂತಪ್ಪನ ಮನಿಗೆ ಮನ್ನೆ ಹೋಗಿದ್ದೆನ್ರಿ ಮೇಡಂ. ಮಗಳು ಲಲಿತಾ ಬಸುರಿ ಅದಾಳ. ಪುತಳಾಬಾಯಿ ಯಾರೋ ನನಗ ಗೊತ್ತಿಲ್ಲರಿ. ಲಲಿತಾನ ಬಿ.ಪಿ. ಒಂದೀಟ ಮ್ಯಾಲಿತ್ತು. ಹಳೀ ದಾಖಲಿ ಏನೂ ತೆರೀಲಿಲ್ಲ, ಹೊಸಾ ಬಸುರಿ ಅಂತ ಬರಕೊಂಡು ಮುಂದಿನ ತಿಂಗಳ ಬಾ ಅಂದೆ."

ಶಾಲುಬಾಯಿಗೆ ಆಗ ಹೊಳೆಯಿತು. ಈ ಗಡಿ ಸೀಮೆಯ ಎಷ್ಟೋ ಮನೆಗಳಲ್ಲಿ ಸೊಸೆ ಬಂದ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ, ಗಂಡ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ತವರಿಗೇ ಉಳಿಯುತ್ತದೆ. ಶಾಲುಬಾಯಿ ತಾನೇ ಅಂಥ ಅಕ್ಕಿಯಲ್ಲಿ ಶಾಲುಬಾಯಿ ಆದವಳು.

"ಬ್ಯಾರೆ ಹೆಸರು ಅದ ಏನ್ರಿ" ಎಂಬ ಪ್ರಶ್ನೆ ಟ್ಯಾಬಿನಲ್ಲಿ ಇರಲಿಲ್ಲವೆಂದಲ್ಲ. ಪ್ರೊಫೆಸರೇ ಹಟ ಹಿಡಿದು ಸೇರಿಸಿದ್ದರು. ಸೊಸೆಯಂದಿರು ಅತ್ತೆಯ ಮುಂದೆ ಕೂತು ಒಬ್ಬರಾದ ಮೇಲೊಬ್ಬರು ಇಲ್ಲ ಎಂದಿದ್ದರು. ಹುಡುಗಿಯರು ರೂಢಿ ಮಾಡಿಕೊಳ್ಳಲು ಮೊದಲು ತಮ್ಮ ಮೇಡಂಗೇ ಕೇಳಿದಾಗ ಮೇಡಂ ಕೂಡ ಇಲ್ಲ ಎಂದಿದ್ದಳು. ಅದು ಸುಳ್ಳಾಗಿರಲಿಲ್ಲ. ಅವಳ ಮನಸ್ಸಿನಲ್ಲಿ ತವರಿನ ಹೆಸರು ತನ್ನ ಬೇರೆ ಹೆಸರಲ್ಲ, ಬೇರೆ ಯಾವಳೋ ಹುಡುಗಿಯ ಹೆಸರು.

"ಕೇಶರ, ಓಡು! ಲಲಿತಾನೇ ಪುತಳಾಬಾಯಿ. ಆಂಬುಲೆನ್ಸ್ ಕರಿ!"

ಪ್ರೊಫೆಸರಿಗೆ ವಿಷಯ ತಿಳಿದದ್ದು ಗಾಡಿ ಹೊರಟ ಮೇಲೆ. ಅವರು ಹಣೆ ಹಣೆ ಬಡಿದುಕೊಂಡರು. "ನಮ್ಮ ಓಣ್ಯಾಗ ಇಂಥಾ ಎಷ್ಟ ಲಗ್ನ ಉಂಡೀನ್ರಿ! ನನಗೂ ಹೊಳೀಲಿಲ್ಲ ನೋಡ್ರಿ." ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಇವರು ಮೂರು ತಾಲ್ಲೂಕು ಹುಡುಕಿದ್ದರು.

ಔರಾದಿನ ದಾರಿ ಅವತ್ತು ಮುಗಿಯಲೊಲ್ಲದು. ನೀರಿನ ಟ್ಯಾಂಕರೊಂದು ರಸ್ತೆಗೆ ಅಡ್ಡ ನಿಂತು, ಕೊಡಗಳ ಜಗಳ ಬಿಡಿಸುವವರಿಲ್ಲದೆ ಗಾಡಿ ನಿಂತಿತು. ಶಾಲುಬಾಯಿ ಇಳಿದು ಕೂಗಾಡಿ ದಾರಿ ಮಾಡಿಸಿದಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಅವರು ತಲುಪುವ ಹೊತ್ತಿಗೆ ಹುಡುಗಿಗೆ ಒಮ್ಮೆ ಫಿಟ್ಸ್ ಬಂದು ಹೋಗಿತ್ತು. ಔರಾದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ತಡಮಾಡದೆ ಬೀದರಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಒಂದು ಕಡೆ ಅವಳ ತಾಯಿ, ಇನ್ನೊಂದು ಕಡೆ ಶಾಲುಬಾಯಿ.

"ಪುತಳಾಬಾಯಿ, ಕಣ್ಣ ತೆರಿಯವ್ವ. ಪುತಳಾಬಾಯಿ!"

ರೆಪ್ಪೆ ಅಲುಗಲಿಲ್ಲ. ತಾಯಿ ಬಗ್ಗಿ ಮಗಳ ಕೆನ್ನೆ ತಟ್ಟಿದಳು.

"ಲಲಿತಾ... ಏ ಲಲಿತಾ, ನಾನವ್ವ."

ಹುಡುಗಿ ಕಣ್ಣು ಬಿಟ್ಟಳು. ಪೂರ್ತಿಯಲ್ಲ, ಒಂದು ಗೆರೆಯಷ್ಟು. ಶಾಲುಬಾಯಿಗೆ ಹೋದ ಜೀವ ಬಂದಂತಾಯಿತು, ಅದರ ಬೆನ್ನಿಗೇ ಹೊಟ್ಟೆಕಿಚ್ಚಾಯಿತು. ಹಾಗೆ ಕರೆಯುವವಳು ಇವಳಿಗೆ ಇನ್ನೂ ಇದ್ದಾಳಲ್ಲ!

ಸಂಜೆಯ ಹೊತ್ತಿಗೆ ಬೀದರಿನಲ್ಲಿ ಹೆರಿಗೆಯಾಯಿತು. ಕೂಸು ಸಣ್ಣದು, ಆದರೆ ಅತ್ತಿತು. ತಾಯಿಗೆ ಅಪಾಯ ಕಳೆಯಿತು ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ವಾರ್ಡಿನ ಪಡಸಾಲೆಯಲ್ಲೇ ಮುಜೀಬೋದ್ದೀನರು ಲ್ಯಾಪ್‌ಟಾಪ್ ಬಿಚ್ಚಿ ಪುತಳಾಬಾಯಿಯನ್ನೂ ಲಲಿತಾಳನ್ನೂ ಒಂದು ಮಾಡಿದರು.

"ವರದಿ ಇನ್ನೂ ಹೋಗಿಲ್ಲರಿ," ಎಂದರು. "ಹೋಗೂದಕ್ಕಿಂತ ಮೊದಲ ಪ್ರಶ್ನಿ ಬದಲಿಸೋಣ. ಹ್ಯಾಂಗ ಕೇಳಬೇಕು, ನೀವೇ ಹೇಳ್ರಿ."

ಶಾಲುಬಾಯಿ ತುಸು ಯೋಚಿಸಿದಳು. "ನಿಮ್ಮವ್ವ ನಿಮಗ ಏನಂತ ಕರೀತಾಳ್ರಿ? ಹಿಂಗ ಕೇಳ್ರಿ."

ಅವರು ಬರೆದು, ರೂಢಿಯಂತೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. ಹೊಸ ಪ್ರಶ್ನೆಗೆ ಮೊದಲ ಉತ್ತರ ಯಾವಾಗಲೂ ಮೇಡಂದೇ. ಅವಳ ಬೆರಳು ಕೀಲಿಗಳ ಮೇಲೆ ತಡವರಿಸಿ, ಕೊನೆಗೆ ಬರೆಯಿತು.

"ನರ್ಮದಾ," ಪ್ರೊಫೆಸರು ಗಟ್ಟಿಯಾಗಿ ಓದಿದರು. "ಚಲೋ ಹೆಸರರಿ."

ಅವ್ವ ಸತ್ತ ಮೇಲೆ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಮುಖ ತೊಳೆದುಕೊಂಡು ಬರ್ತೇನಿ ಎಂದು ಶಾಲುಬಾಯಿ ಎದ್ದು ಹೋಗಿ ನಳ ತಿರುಗಿಸಿದಳು. ನಳದಲ್ಲಿ ನೀರಿರಲಿಲ್ಲ. ಸೆರಗಿನಿಂದಲೇ ಮುಖ ಒರೆಸಿಕೊಂಡಳು.