ಗೊರಕೆಯ ನೆಪ

ಬಿಸಿನೀರಿನ ಚೀಲದ ಬಿರಡೆ ತಿರುಗಿಸಿದರೆ ಕಿರ್ರೆನ್ನುತ್ತದೆ. ಮನೆಯೆಲ್ಲ ಮಲಗಿದ್ದಾಗ ಇನ್ನೂ ಜೋರಾಗಿ ಕೇಳುತ್ತದೆ. ಅದಕ್ಕೇ ನಾನು ನಲ್ಲಿ ಬಿಟ್ಟು, ಬಚ್ಚಲ ಗೋಡೆಗೊರಗಿ, ಚೀಲವನ್ನು ಕಿಬ್ಬೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದೆ. ಗಂಡನೊಂದಿಗೆ ಕೂಡಿದ ಮೇಲೆ ಪ್ರತಿ ಸಲವೂ ಒಳಗೆ ಆಳದಲ್ಲಿ ಹಿಂಡುವ ನೋವು.

ಆ ರಾತ್ರಿ ಹೊರಬಂದಾಗ ಅವನು ದಿಂಬು ಹಿಡಿದು ನಿಂತಿದ್ದ.

"ಮುಗಿದ ತಕ್ಷಣ ತೊಳ್ಕೊಳ್ಳೋಕೆ ಓಡ್ತೀಯ. ನಾನು ಮುಟ್ಟಿದ್ರೆ ಅಷ್ಟು ಅಸಹ್ಯನಾ?"

ಚೀಲ ನನ್ನ ಬೆನ್ನ ಹಿಂದಿತ್ತು. ಅವನು ಹಜಾರಕ್ಕೆ ಹೋಗಿ ಮಲಗಿದ.

ಬೆಳಿಗ್ಗೆ ಅತ್ತೆ ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ, "ಸೀರೆ ಉಟ್ಕೋ, ಡಾಕ್ಟರ ಹತ್ರ ಹೋಗೋಣ," ಎಂದರು.

"ಯಾಕತ್ತೆ? ಚೆನ್ನಾಗೇ ಇದೀನಲ್ಲ."

"ನನಗೇ ಕಾಗಕ್ಕ ಗುಬ್ಬಕ್ಕನ ಕಥೆ ಹೇಳ್ತೀಯಾ? ಬಿರಡೆ ಸದ್ದು ನನಗೂ ಕೇಳತ್ತೆ."

ಡಾಕ್ಟರಮ್ಮ ಪರೀಕ್ಷಿಸಿ, ಸ್ಕ್ಯಾನ್ ನೋಡಿದರು.

"ಇಂಥ ನೋವಿಗೆ ಕಾರಣ ಹಲವು. ಕೆಲವರಿಗೆ ಒಣಗಿರತ್ತೆ, ಕೆಲವರಿಗೆ ಸೋಂಕು. ಹೆದರಿಕೆಗೆ ಸ್ನಾಯು ಬಿಗಿಯೋದೂ ಉಂಟು. ನಿಮಗೆ ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದಿದೆ. ಮಾತ್ರೆ ಕೊಡ್ತೀನಿ, ಕಡಿಮೆ ಆಗ್ಲಿಲ್ಲ ಅಂದ್ರೆ ಆಪರೇಷನ್ ಯೋಚಿಸೋಣ. ಮೊದಲು ಗಂಡನಿಗೆ ಹೇಳಿ."

"ನಮ್ಮ ಕಾಲದಲ್ಲೂ ಇದಕ್ಕೆ ಔಷಧಿ ಇತ್ತಾ?" ಅತ್ತೆ ಕೇಳಿದರು.

"ಇತ್ತಲ್ಲಮ್ಮ. ಬಾಯಿಬಿಟ್ಟು ಕೇಳಬೇಕಿತ್ತು, ಅಷ್ಟೆ."

ಬಸ್ ನಿಲ್ದಾಣದ ಬೆಂಚಿನಲ್ಲಿ ಅತ್ತೆ ನನ್ನ ಪಕ್ಕಕ್ಕೆ ಸರಿದು ಕೂತರು.

"ನಾನು ಇಸ್ತ್ರಿಪೆಟ್ಟಿಗೆಯಲ್ಲಿ ಬಟ್ಟೆ ಕಾಯಿಸಿ ಇಟ್ಕೋತಿದ್ದೆ. ನಿನ್ನ ಮಾವ ಕೇಳಿದ್ರೆ ಅರ್ಜೆಂಟ್ ಹೊಲಿಗೆ ಇದೆ ಅಂತಿದ್ದೆ. ಕೊನೆಗೆ ತಡೀಲಾರದೆ, ನಿಮ್ಮ ಗೊರಕೆಗೆ ನಿದ್ದೆ ಬರಲ್ಲ ಅಂತ ಬೇರೆ ಕೋಣೆ ಸೇರ್ದೆ." ಸೆರಗಿನಿಂದ ಮೂಗೊರೆಸಿಕೊಂಡರು. "ಅವರು ಗೊರಕೆನೇ ಹೊಡೆಯಲ್ಲ ಕಣೇ."

ನನಗದು ಗೊತ್ತಿತ್ತು. ಎಷ್ಟೋ ರಾತ್ರಿ ಮಾವನ ಬಾಗಿಲ ಮುಂದೆ ಹಾದಿದ್ದೇನೆ, ಉಸಿರೂ ಕೇಳಿಸದ ನಿದ್ದೆ. ಆದರೂ ನೆಂಟರ ಮನೆಗೆ ಹೋದರೆ, ತಮ್ಮ ಗೊರಕೆಯಿಂದ ಯಾರಿಗೂ ತೊಂದರೆಯಾಗಬಾರದೆಂದು ಅವರು ಹೊರಗೆ ವರಾಂಡದಲ್ಲೇ ಹಾಸಿಗೆ ಹಾಸಿಕೊಳ್ಳುತ್ತಿದ್ದರು.

ಆ ಸಂಜೆ ಗಂಡನ ಕೈಗೆ ಚೀಲ ಕೊಟ್ಟು ಎಲ್ಲ ಹೇಳಿದೆ. ಅವನು ಬಿರಡೆಯನ್ನು ತಿರುಗಿಸುತ್ತಾ, "ನಾನೇನೇನೋ ಅಂದ್ಕೊಂಡಿದ್ನಲ್ಲೇ," ಎಂದ. ದಿಂಬು ಒಳಗೆ ಬಂತು.

ಮಲಗುವ ಹೊತ್ತಿಗೆ ಮಾವ ಎಂದಿನಂತೆ ಕೂಗಿದರು. "ಬಾಗಿಲು ಭದ್ರ ಮಾಡ್ಕೊಳ್ರಪ್ಪಾ, ನನ್ನ ರೈಲು ಹೊರಡೋ ಹೊತ್ತಾಯ್ತು!"

ಗಂಡ ನಕ್ಕ. ಅತ್ತೆಯ ಕೋಣೆಯಿಂದ ಇವತ್ತು ನಗು ಕೇಳಲಿಲ್ಲ.

"ಯಾಕೆ ಅಮ್ಮ ಸಪ್ಪಗಿದ್ದಾಳೆ?" ಎಂದ ಅವನು.

ನನ್ನ ನೋವು ನನ್ನದು, ಹೇಳಿದೆ. ಇದು ಅತ್ತೆಯದು. ಇದನ್ನು ಯಾರಿಗೂ ಹೇಳಬಾರದೆಂದುಕೊಂಡೆ.

"ಬಸ್ಸಲ್ಲಿ ನಿಂತು ಸುಸ್ತಾಗಿರ್ಬೇಕು," ಎಂದು ಬಾಗಿಲು ಹಾಕಿದೆ.