ಇಂಜಿನ್ ಇಲ್ಲದ ರೋವರ್

"ಇನ್ನೂ ಸ್ವಲ್ಪ ಹಿಂದಕ್ಕೆ ಒರಗ್ಸಿ ಮಾಮ, ಅಪ್ಪನ ಕಾಲು ಚಾಚ್ಬೇಕು," ಎಂದಳು ಮಗಳು.

ಪಕ್ಕದ ಮನೆಯ ಟೈಲರ್ ಹಳೇ ರೋವರ್ ಕಾರಿನ ಎಡ ಸೀಟನ್ನು ಪೂರ್ತಿ ಹಿಂದಕ್ಕೆ ಮಲಗಿಸಿದ. ಬಿಳಿ ಬಟ್ಟೆ ಸುತ್ತಿದ ದೇಹವನ್ನು ನಾಲ್ವರು ಅದರ ಮೇಲಿಟ್ಟರು. ಹೆಣ ಸಾಗಿಸಲು ಬಂದ ವ್ಯಾನನ್ನು ಅವಳು ಆಗಲೇ ವಾಪಸ್ ಕಳಿಸಿದ್ದಳು.

"ಅಲ್ಲಮ್ಮಾ, ಇದಕ್ಕೆ ಇಂಜಿನ್ನೇ ಇಲ್ವಲ್ಲ!" ಎಂದ ಟೈಲರ್.

"ತಳ್ಳೋಣ. ದೊಡ್ಡಪ್ಪ ಬಂದಿದಾರಲ್ಲ."

ಗೇಟಿನ ಬಳಿ ನಿಂತಿದ್ದ ದೊಡ್ಡಪ್ಪ ಬೆಚ್ಚಿ ನೋಡಿದರು. ಬಂದಾಗಿನಿಂದ ಅವರ ಕಣ್ಣು ತಮ್ಮನ ಮುಖಕ್ಕಿಂತ ಕಾರಿನ ಮೇಲೇ ಇತ್ತು. ಇರದೆ ಏನು! ಅರವತ್ತರ ದಶಕದಲ್ಲಿ ಇಂಗ್ಲೆಂಡಿನವರು ದೊಡ್ಡ ಅಧಿಕಾರಿಗಳಿಗೆಂದೇ ಮಾಡಿದ ಗಾಡಿ. ಮರದ ಡ್ಯಾಶ್‌ಬೋರ್ಡು, ತೊಗಲಿನ ಸೀಟು, ಎಳೆದರೆ ಹೊರಬರುವ ಸಲಕರಣೆಯ ಡ್ರಾಯರು, ಅದರಲ್ಲಿ ಒಂದೊಂದು ಸ್ಪ್ಯಾನರಿಗೂ ಅದರದೇ ಜಾಗ. ಹಗಲೆಲ್ಲ ಅಂಚೆ ವಿಂಗಡಿಸಿ ಬಂದ ಅಪ್ಪ ಸಂಜೆ ಒಳಗೆ ಕೂತು ಬಾಗಿಲು ಎಳೆದುಕೊಳ್ಳುತ್ತಿದ್ದರು. "ನೋಡು, ಹೆಂಗೆ ಕೂತ್ಕೊಂತು! ಧಡಾರ್ ಅನ್ನಲ್ಲ. ಮರ್ಯಾದಸ್ಥ ಗಾಡಿ."

*

ತಾತ ತೀರಿಕೊಂಡಾಗ ಅಣ್ಣತಮ್ಮಂದಿರಿಬ್ಬರೂ ಅವರ ಈ ಕಾರನ್ನು ಬಿಟ್ಟುಕೊಡಲಿಲ್ಲ. "ಹಂಗಾದ್ರೆ ಅದನ್ನೂ ಪಾಲು ಮಾಡೋಣ," ಎಂದ ದೊಡ್ಡಪ್ಪ ಸರಪಳಿ ತರಿಸಿ ಇಂಜಿನ್ ಎತ್ತಿಸಿಕೊಂಡು ಹೋದರು. ಒಬ್ಬರು ಬಾಡಿ ಉಜ್ಜುತ್ತ, ಇನ್ನೊಬ್ಬರು ತಮ್ಮ ಟೈರ್ ಅಂಗಡಿಯ ಹಿಂದೆ ಇಂಜಿನ್ನಿಗೆ ಎಣ್ಣೆ ಸವರುತ್ತ ಮುದುಕರಾದರು.

ಹೋದ ತಿಂಗಳು, ಹಾಸಿಗೆ ಹಿಡಿದ ಅಪ್ಪ ಮಗಳನ್ನು ಅಂಗಡಿಗೆ ಕಳಿಸಿದ್ದರು. "ಏನ್ ಕೇಳಿದ್ರೂ ಕೊಡ್ತಾನಂತೆ ಅನ್ನು. ಒಂದ್ಸಲ ಅದರ ಸದ್ದು ಕೇಳ್ಬೇಕು."

ದೊಡ್ಡಪ್ಪ ಟೈರಿನ ಮೇಲೆ ಕೂತೇ ಹೇಳಿದರು: "ಅವನು ಹೋಗ್ಲಿ, ಆಮೇಲೆ ಬಾ. ಮಾತಾಡೋಣ."

ದೊಡ್ಡಪ್ಪ ಊರಲ್ಲಿಲ್ಲ ಎಂದು ಅವಳು ಅಪ್ಪನಿಗೆ ಸುಳ್ಳು ಹೇಳಿದ್ದಳು.

*

"ಮಗಳೇ, ಇದೆಲ್ಲ ಮುಗಿದ್ಮೇಲೆ ಗಾಡಿ ವಿಷಯ..." ಸ್ಟೇರಿಂಗ್ ಮುಂದೆ ಕೂತಿದ್ದ ಅವಳ ಕಿಟಕಿಗೆ ಬಾಗಿ ದೊಡ್ಡಪ್ಪ ಪಿಸುಗುಟ್ಟಿದರು.

"ಮಾತಾಡೋಣ. ಮೊದ್ಲು ಹಿಂದೆ ಹೋಗಿ ಕೈ ಹಚ್ಚಿ," ಎಂದಳು, ಎಲ್ಲರಿಗೂ ಕೇಳುವಂತೆ.

ನಾಲ್ಕು ಜನರ ಮುಂದೆ ಇಲ್ಲವೆನ್ನಲಾಗದೆ ಅವರು ಅಂಗಿಯ ತೋಳು ಮಡಚಿದರು. ಅಕ್ಕಪಕ್ಕ ಟೈಲರ್ ಮತ್ತು ನೆರೆಯವರು, ನಟ್ಟನಡುವೆ ದೊಡ್ಡಪ್ಪ. ಅವಳು ಸ್ಟೇರಿಂಗ್ ಹಿಡಿದಳು. ಸ್ಮಶಾನಕ್ಕೆ ಬೇರೆ ದಾರಿಯೂ ಇತ್ತು. ಅವಳು ಟೈರ್ ಅಂಗಡಿಯ ಬೀದಿಗೇ ತಿರುಗಿಸಿದಳು.

"ಲೋ, ಯಜಮಾನ್ರು ಗಾಡಿ ತಳ್ತಾವ್ರೆ ನೋಡ್ರೋ!" ಅಂಗಡಿಯ ಆಳುಗಳು ಹೊರಬಂದರು. "ಬಿಡಿ ಸಾರ್, ನಾವು ತಳ್ತೀವಿ."

"ಬೇಡ," ಮಗಳು ಕಿಟಕಿಯಿಂದ ಕೂಗಿದಳು. "ಒಡಹುಟ್ಟಿದೋರು. ಕೊನೇ ಆಸೆ ಅವರಿಗೂ ಇರತ್ತೆ."

ಅಲ್ಲಿಂದ ಏರು. "ಏನ್ ತೂಕನಪ್ಪಾ!" ಟೈಲರ್ ಏದುಸಿರುಬಿಟ್ಟ. "ಇಂಜಿನ್ ತೆಗೆದ್ರೂ ಹಿಂಗಾ?"

ಮಗಳು ಬಲಗಾಲನ್ನು ಬ್ರೇಕಿನ ಮೇಲಿಟ್ಟು, ಗಾಡಿ ನಿಲ್ಲದಷ್ಟೇ, ಮೆಲ್ಲನೆ ಒತ್ತಿದಳು. ಕನ್ನಡಿಯಲ್ಲಿ ದೊಡ್ಡಪ್ಪನ ನರೆತ ತಲೆ ಬಾಗಿತು. ಅವಳು ಇನ್ನೊಂದಿಷ್ಟು ಒತ್ತಿದಳು. ತಲೆ ಮತ್ತೂ ಬಾಗಿ, ಕಡೆಗೆ ಫಳಫಳ ಹೊಳೆಯುವ ಡಿಕ್ಕಿಗೆ ಹಣೆ ತಾಗಿತು.