ಚಿಕ್ಕಮ್ಮ ಮಾಡಿದ ಕಣ್ಣು

ನಮ್ಮ ಚಿಕ್ಕಮ್ಮ ಕಣ್ಣು ಮಾಡುತ್ತಾಳೆ. ಕಾಯಿಲೆಯಿಂದಲೋ ಪೆಟ್ಟು ಬಿದ್ದೋ ಕಣ್ಣು ಕಳೆದುಕೊಂಡವರಿಗೆ ಹಾಕುವ ಕೃತಕ ಕಣ್ಣು. ಯಾರಾದರೂ ಕೇಳಿದರೆ ಅಜ್ಜಿ ಮಾತ್ರ "ಕಿರಿಯವಳು ಕಣ್ಣಾಸ್ಪತ್ರೇಲಿ ಇದಾಳೆ" ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದಳು. ಪೂರ್ತಿ ಹೇಳಿದರೆ ಬಂದವರು ಕಾಫಿ ಲೋಟ ಕೆಳಗಿಟ್ಟುಬಿಡುತ್ತಾರೆ ಎಂಬುದು ಅವಳ ಅನುಭವ.

ಮೂವತ್ತೆಂಟನೇ ವಯಸ್ಸಿನಲ್ಲಿ ಚಿಕ್ಕಮ್ಮ ಇದೇ ಕೆಲಸಕ್ಕೆಂದು ಪರದೇಶಕ್ಕೆ ಹೋದಳು. ಅಲ್ಲಿ ನಲವತ್ತು ವರ್ಷದಿಂದ ಕಣ್ಣು ಮಾಡುತ್ತಿದ್ದ ಮುದುಕರೊಬ್ಬರಿಗೆ ಕೈ ನಡುಗಲು ಶುರುವಾಗಿತ್ತು. ಕಣ್ಣಿನ ಗುಳಿಯ ಅಚ್ಚು ತೆಗೆಯುವುದು, ಹೊಳಪು ಕೊಡುವುದು ಅವರು. ಬಣ್ಣ ಹಚ್ಚುವುದು ಚಿಕ್ಕಮ್ಮ. ಬಣ್ಣ ಹೊಂದಿಸಲು ಹಗಲ ಬೆಳಕೇ ಬೇಕಾದ್ದರಿಂದ ಬೀದಿಗೆ ಮುಖ ಮಾಡಿದ ಅವರ ಕೆಲಸದ ಕೋಣೆಗೆ ಗೋಡೆಯಗಲದ ಗಾಜಿನ ಕಿಟಕಿಯಿತ್ತು. ಅವಳ ಬಾಡಿಗೆ ರೂಮು ಅದರ ಮೇಲೆಯೇ.

ಮೂರು ತಿಂಗಳಾದರೂ ಅಲ್ಲಿನ ಭಾಷೆ ಅವಳ ನಾಲಿಗೆಗೆ ಹತ್ತಲಿಲ್ಲ. ಅರ್ಧ ಬ್ರೆಡ್ಡು ಕೇಳಿದರೆ ಅಂಗಡಿಯವಳು ಬಸ್‌ಸ್ಟಾಪಿನ ದಾರಿ ತೋರಿಸಿದಳಂತೆ. ಮುದುಕರೋ, ಮಾತಿನಲ್ಲಿ ಮಹಾ ಜಿಪುಣರು. "ಸಂಜೆ ಕನ್ನಡಿ ಮುಂದೆ ನಿಂತು ನನ್ನ ಹತ್ರ ನಾನೇ ಜಗಳ ಆಡ್ತಿದ್ದೆ ಕಣೇ, ಕನ್ನಡ ಮರೆತುಹೋಗ್ದೇ ಇರ್ಲಿ ಅಂತ" ಎಂದು ನನಗೆ ಆಮೇಲೆ ಹೇಳಿ ನಕ್ಕಳು.

ಒಂದು ಮಧ್ಯಾಹ್ನ ತಲೆ ಎತ್ತಿದರೆ ಕಿಟಕಿಯ ಗಾಜಿಗೆ ನಾಲ್ಕು ಮೂಗುಗಳು ಅಂಟಿಕೊಂಡಿದ್ದವು. ಎಂಟು ಎಂಟೂವರೆ ವರ್ಷದ ಮಕ್ಕಳು. ಮೇಜಿನ ಮೇಲೆ ತಟ್ಟೆ ತುಂಬ ಕಣ್ಣುಗಳು ತಮ್ಮನ್ನೇ ದಿಟ್ಟಿಸುತ್ತಿರುವುದು ಕಂಡಿದ್ದೇ ತಡ, ಕಿಟಾರನೆ ಕಿರುಚಿ ಓಟ ಕಿತ್ತವು. ಮರುದಿನ ಮತ್ತೆ ಬಂದವು. ಮೂರನೆಯ ದಿನ ಚಿಕ್ಕಮ್ಮ ಬಾಗಿಲು ತೆರೆದಳು.

ಮುಂದಾಳು ಒಬ್ಬ ಬಾಯಿಬಡಕಿ. ಅವಳ ಹಿಂದೆ ಅವಳಿ ಅಣ್ಣತಮ್ಮಂದಿರು, ಅವರ ಹಿಂದೆ ಸದಾ ಏನಾದರೂ ಮೆಲ್ಲುತ್ತಿದ್ದ ಒಬ್ಬ ಗುಂಡ. ಬಾಯಿಬಡಕಿ ತನ್ನ ಕಣ್ಣು ಮುಟ್ಟಿ, ತಟ್ಟೆ ತೋರಿಸಿ, ಕೈ ತಿರುಗಿಸಿ ಕೇಳಿದಳು. ಚಿಕ್ಕಮ್ಮನೂ ಕೈಸನ್ನೆಯಲ್ಲೇ ಉತ್ತರಿಸಿದಳು. ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಪಟಾಲಂ ಹಾಜರು. ಮುದುಕರು ಹುಬ್ಬು ಗಂಟಿಕ್ಕಿದರೂ ತಡೆಯಲಿಲ್ಲ. ಮಕ್ಕಳು ಒಂದೊಂದೇ ವಸ್ತು ಮುಟ್ಟಿ ಅದರ ಹೆಸರು ಹೇಳಿಕೊಟ್ಟವು. ಅವಳು ತಪ್ಪಿದರೆ ಹೊಟ್ಟೆ ಹಿಡಿದುಕೊಂಡು ನಕ್ಕವು, ಸರಿ ಹೇಳುವವರೆಗೆ ಬಿಡಲಿಲ್ಲ. ಅವಳೂ ಅವಕ್ಕೆ "ಚಿಕ್ಕಮ್ಮ" ಅನ್ನುವುದನ್ನು ಕಲಿಸಿದಳು. ಅದು ಅವುಗಳ ಬಾಯಲ್ಲಿ "ಚಿಕಮಾ" ಆಯಿತು.

ಎರಡು ತಿಂಗಳಲ್ಲಿ ಅವಳಿಗೆ ಮಾತು ಬಂತು. ಆಗ ಪ್ರಶ್ನೆಗಳ ಸುರಿಮಳೆ.

"ಈ ಕಣ್ಣಿಗೆ ಕಾಣಿಸುತ್ತಾ?"

"ಇಲ್ಲ."

"ಓಡಿದ್ರೆ ಬಿದ್ದುಹೋಗುತ್ತಾ?"

"ಸರಿಯಾಗಿ ಕೂತಿದ್ರೆ ಬೀಳಲ್ಲ. ಇದು ಗೋಲಿ ಥರ ಗುಂಡಗಿಲ್ಲ, ನೋಡು, ಚಿಪ್ಪಿನ ಥರ ಇದೆ."

"ಹಾಕೋವಾಗ ನೋಯುತ್ತಾ?"

"ಅಚ್ಚು ತೆಗೆಯೋವಾಗ ತಣ್ಣಗೆ, ಒಂಥರಾ ಅನ್ಸುತ್ತೆ. ನೋಯಲ್ಲ."

"ಅತ್ರೆ ಕಣ್ಣೀರು ಬರುತ್ತಾ?"

"ಬರುತ್ತೆ."

ಬಾಯಿಬಡಕಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮಕ್ಕಳಾಟ ಎಂದುಕೊಂಡ ಚಿಕ್ಕಮ್ಮ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ನಾಲ್ವರೂ ಐದನೆಯವಳನ್ನು ಕರೆತಂದರು. ಟೋಪಿಯನ್ನು ಎಡಗಡೆ ಮೂಗಿನವರೆಗೆ ಎಳೆದುಕೊಂಡಿದ್ದ ಹುಡುಗಿ. ಅವಳಿಗಳಲ್ಲೊಬ್ಬ ಅವಳ ಬಲಗೈ ಹಿಡಿದಿದ್ದ. ಸ್ವಲ್ಪ ಹಿಂದೆ, ಒಳಗೆ ಬರಲೋ ಬೇಡವೋ ಎಂಬಂತೆ ಅವಳ ತಾಯಿ.

ಎರಡು ವರ್ಷದ ಹಿಂದೆ ಕಾಯಿಲೆಯಿಂದ ಆ ಹುಡುಗಿಯ ಎಡಗಣ್ಣು ತೆಗೆಯಬೇಕಾಯಿತಂತೆ. ಚಿಕ್ಕಮ್ಮ ಬರುವುದಕ್ಕೆ ಮುಂಚೆ ಡಾಕ್ಟರು ಚೀಟಿ ಕೊಟ್ಟು ಎರಡು ಸಲ ಇಲ್ಲಿಗೆ ಕಳಿಸಿದ್ದರು. ಎರಡು ಸಲವೂ ಅವಳು ಬಾಗಿಲ ಚೌಕಟ್ಟು ಹಿಡಿದು ಚೀರಿ ವಾಪಸು ಹೋಗಿದ್ದಳು. ತಾಯಿ ಕೈಚೆಲ್ಲಿ ಕೂತಿದ್ದಳು. "ಇವತ್ತು ಇವಳೇ ಹೋಗೋಣ ಅಂದ್ಳು. ನಂಗೇ ನಂಬೋಕಾಗ್ತಿಲ್ಲ" ಎಂದಳು.

ಬಾಯಿಬಡಕಿ ನೋಟ್‌ಬುಕ್ಕು ತೆರೆದು ಗೆಳತಿಗೆ ಮತ್ತೊಮ್ಮೆ ಓದಿಹೇಳಿದಳು. ನೋಯಲ್ಲ. ಓಡಬಹುದು. ಅಳಬಹುದು. ಕಾಣಿಸಲ್ಲ. ಆಮೇಲೆ ನ್ಯಾಯಾಧೀಶೆಯಂತೆ ಸೇರಿಸಿದಳು: "ಚಿಕಮಾ ಸುಳ್ಳು ಹೇಳಲ್ಲ. ಒಂದೇ ಪ್ರಶ್ನೆನ ಬೇರೆ ಬೇರೆ ದಿನ ಕೇಳಿದ್ವಿ. ಒಂದೇ ಉತ್ತರ ಕೊಟ್ರು."

ಚಿಕ್ಕಮ್ಮನ ಕೈಯಿಂದ ಕುಂಚ ಜಾರಿತು. ಇಷ್ಟು ದಿನ ಈ ಮಕ್ಕಳು ತನ್ನನ್ನು ನೋಡಲು ಬಂದದ್ದಲ್ಲ, ಪರೀಕ್ಷಿಸಲು ಬಂದದ್ದು! ದೊಡ್ಡವರು ಯಾರೂ ಹೇಳಿಕೊಟ್ಟಿರಲಿಲ್ಲ. ಮುದುಕರು ಎದ್ದು ನಿಂತು, ಗಣ್ಯರು ಬಂದಾಗ ಮಾಡುವಂತೆ, ಐದೂ ಮಕ್ಕಳಿಗೆ ಕುರ್ಚಿ ಎಳೆದುಕೊಟ್ಟರು.

ಹುಡುಗಿ ಟೋಪಿ ತೆಗೆದಳು.

ಅಚ್ಚು ತೆಗೆಯುವಾಗ ಅವಳು ಗುಂಡನ ತೋಳನ್ನು ಕೆಂಪಾಗುವಷ್ಟು ಹಿಸುಕಿದಳು, ಆದರೆ ಕಿರುಚಲಿಲ್ಲ. ಆ ಅಚ್ಚಿನಿಂದ ಮಾಡಿದ ಮೇಣದ ಮಾದರಿ ಗುಳಿಯಲ್ಲಿ ಸರಿಯಾಗಿ ಕೂರಲು ಎರಡು ವಾರ ಹಿಡಿಯಿತು. ಬಿಳಿಭಾಗದ ಮೇಲೆ ರಕ್ತನಾಳಗಳಿಗೆಂದು ಚಿಕ್ಕಮ್ಮ ಕೆಂಪು ರೇಷ್ಮೆಯ ಎಳೆಯನ್ನು ಬಿಡಿಸಿ ಬಿಡಿಸಿ ಅಂಟಿಸಿದಳು. ಪಾಪೆಯ ಸುತ್ತಲಿನ ವೃತ್ತಕ್ಕೆ ಬೂದಿಬಣ್ಣ, ಅದರೊಳಗೆ ತೆಳುಹಸಿರು. ಹುಡುಗಿಯ ಬಲಗಣ್ಣನ್ನು ಭೂತಗನ್ನಡಿಯಲ್ಲಿ ನೋಡುತ್ತ ಗೆರೆ ಮೇಲೆ ಗೆರೆ ಎಳೆದಳು. ಅದರ ಪಾಪೆಯ ಕೆಳಗಡೆ ಜೇನಿನ ಬಣ್ಣದ ಒಂದು ಚುಕ್ಕೆಯಿತ್ತು. ಅದನ್ನೂ ಇಟ್ಟಳು. ಒಂದಕ್ಕೊಂದು ಪಡಿಯಚ್ಚು. ಮುದುಕರೂ ತಲೆದೂಗಿದರು.

ಅವಳಿಗಳಲ್ಲೊಬ್ಬ ಬಗ್ಗಿ ನೋಡಿ, "ತಪ್ಪು" ಎಂದ.

"ಯಾಕೋ? ಬಲಗಣ್ಣಿನ ಥರಾನೇ ಇದೆಯಲ್ಲ?"

"ಎಡಗಣ್ಣಲ್ಲಿ ಎರಡು ಚುಕ್ಕೆ ಇತ್ತು. ಒಂದು ದೊಡ್ಡದು, ಪಕ್ಕದಲ್ಲೇ ಚಿಕ್ಕದು."

"ಹೌದು" ಎಂದ ಇನ್ನೊಬ್ಬ. "ರೆಪ್ಪೆ ಮಿಟುಕಿಸ್ದೇ ನೋಡೋ ಆಟ ಆಡ್ತಿದ್ವಲ್ಲ. ಯಾವಾಗ್ಲೂ ಅವಳೇ ಗೆಲ್ತಿದ್ಳು."

ಎರಡು ವರ್ಷದ ಹಿಂದೆ ಇಲ್ಲವಾದ ಒಂದು ಕಣ್ಣಿನ ಗುರುತು ಯಾವ ಆಸ್ಪತ್ರೆಯ ಕಾಗದದಲ್ಲೂ ಇರಲಿಲ್ಲ. ಈ ಪೋರರ ತಲೆಯಲ್ಲಿ ಉಳಿದಿತ್ತು. ತಾಯಿ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಇತ್ತು... ಎರಡಿತ್ತು. ಹೆತ್ತವಳು ನಾನೇ ಮರೆತಿದ್ದೆ."

ಚಿಕ್ಕಮ್ಮ ಉಸಿರು ಬಿಗಿಹಿಡಿದು ಎರಡನೇ ಚುಕ್ಕೆ ಇಟ್ಟಳು.

ಮುಂದಿನ ವಾರ ಕಣ್ಣು ಕೂರಿಸಿದರು. ಹುಡುಗಿ ಕನ್ನಡಿಯಲ್ಲಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹೊಸ ಕಣ್ಣು ಸ್ವಲ್ಪ ಸ್ವಲ್ಪವೇ ಜೊತೆಗೆ ಹೊರಳಿತು.

"ಇದನ್ನ ಕೈಯಲ್ಲೇ ಮಾಡಿದ್ರಾ?" ಎಂದು ಹುಡುಗಿ ಪಿಸುಗುಟ್ಟಿದಳು.

"ನಾನೊಬ್ಳೇ ಅಲ್ಲಮ್ಮ" ಎಂದಳು ಚಿಕ್ಕಮ್ಮ.

ಆ ಮಧ್ಯಾಹ್ನ ಮಕ್ಕಳು ಅವಳನ್ನು ಬಿಡಲಿಲ್ಲ. ಬೀದಿಯ ಕೊನೆಯ ಮೈದಾನಕ್ಕೆ ಎಳೆದುಕೊಂಡು ಹೋದರು. ಹುಡುಗಿ ಬಂದು ಅವಳ ಬಲಗೈ ಹಿಡಿದಳು. ಹಿಂದೆ ಬರುತ್ತಿದ್ದ ತಾಯಿ ಸರಸರನೆ ಹತ್ತಿರ ಬಂದು, "ಅವಳ ಎಡಗಡೆ ಇದೀರಿ ನೀವು" ಎಂದಳು ಮೆಲ್ಲಗೆ. "ಕಾಣದ ಕಡೆ ಯಾರನ್ನೂ ಬಿಟ್ಕೊಳ್ತಿರ್ಲಿಲ್ಲ. ನನ್ನನ್ನೂ."

ಚಿಕ್ಕಮ್ಮ ಆ ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಮಕ್ಕಳ ಗದ್ದಲದ ನಡುವೆ ಹೆಜ್ಜೆ ಹಾಕಿದಳು.